ಗೈಡ್ ಪುಸ್ತಕದೊಳಗಿನ ಮಗು

ನಮ್ಮ ವಿಮರ್ಶಕರು ಕಾದಂಬರಿ ಓದುತ್ತಾರೆ, ಕವಿತೆ ಓದುತ್ತಾರೆ, ಆತ್ಮಕತೆಗಳ ಬಗ್ಗೆ ವಿಚಾರ ಸಂಕಿರಣ ನಡೆಸುತ್ತಾರೆ. ಆದರೆ ಊರಿನ ಮನೆಗಳಲ್ಲಿ ಕೈಯಲ್ಲಿ ಪೆನ್ಸಿಲ್ ಹಿಡಿದು, ಗೆರೆ ಎಳೆದು, ರಾತ್ರಿ ನಿದ್ದೆಗೆಟ್ಟು ಓದುವ ಪುಸ್ತಕದ ಬಗ್ಗೆ ಯಾರೂ ಒಂದು ಸಾಲು ಬರೆಯುವುದಿಲ್ಲ. ಅದು ಪರೀಕ್ಷೆಯ ಗೈಡು. ದಾವಣಗೆರೆಯ ಸರಸ್ವತಿ ನಗರದಂತಹ ಬಡಾವಣೆಗಳಲ್ಲಿ ಬಿಎಸ್ಸಿ, ಬಿಇಡಿ ಮುಗಿಸಿ ಮದುವೆಯಾಗಿ ಮಕ್ಕಳಾದ ಹೆಣ್ಣುಮಕ್ಕಳ ಮನೆಯ ಕಪಾಟಿನಲ್ಲಿ ಧರ್ಮಗ್ರಂಥದ ಪಕ್ಕದಲ್ಲೇ ಇರುವ ದಪ್ಪ ಪುಸ್ತಕವೆಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ, ಅಂದರೆ ಟಿಇಟಿಯ ಗಣಿತ-ವಿಜ್ಞಾನದ ಗೈಡು. ಇಷ್ಟೊಂದು ಜನರ ಮನಸ್ಸನ್ನು ರೂಪಿಸುವ ಬರವಣಿಗೆಯನ್ನು ಸಾಹಿತ್ಯವಲ್ಲವೆಂದು ಬದಿಗಿಡುವುದು ವಿಮರ್ಶೆಯ ಸೋಮಾರಿತನ. ನಾಳೆ ನಮ್ಮ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು ಇಂದು ಈ ಪುಸ್ತಕವನ್ನು ಓದುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಅದನ್ನು ಒಂದು ಕೃತಿಯೆಂಬಂತೆ ಎದುರಿಗಿಟ್ಟುಕೊಂಡು ಓದಬೇಕಾಗಿದೆ.

ಮೊದಲು ಪರೀಕ್ಷೆಯ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಶಿಕ್ಷಕರ ಕನಿಷ್ಠ ಅರ್ಹತೆ ಏನಿರಬೇಕೆಂದು ಹೇಳುವ ಅಧಿಕಾರ ಪಡೆದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಟಿಇಟಿಯನ್ನು ಕಡ್ಡಾಯ ಮಾಡಿತು. ಒಂದರಿಂದ ಐದನೇ ತರಗತಿಗೆ ಮೊದಲ ಪತ್ರಿಕೆ, ಆರರಿಂದ ಎಂಟಕ್ಕೆ ಎರಡನೆಯದು. ಒಟ್ಟು 150 ಪ್ರಶ್ನೆ, 150 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಪಾಸಾಗಲು ಸಾಮಾನ್ಯವಾಗಿ ಶೇ. 60, ಅಂದರೆ 90 ಅಂಕ ಬೇಕು. ಎರಡನೇ ಪತ್ರಿಕೆಯಲ್ಲಿ ಮಕ್ಕಳ ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಗಣಿತ-ವಿಜ್ಞಾನಕ್ಕೆ 60. ಕೇಂದ್ರದ ಸಿಟಿಇಟಿ ಪಠ್ಯಕ್ರಮವನ್ನು ನೋಡಿದರೆ ಗಣಿತದ 30ರಲ್ಲಿ 20 ವಿಷಯಕ್ಕೆ, 10 ಅದನ್ನು ಕಲಿಸುವ ಬಗೆಗೆ. ವಿಜ್ಞಾನಕ್ಕೂ ಹಾಗೆಯೇ. ಭಾಷೆಗಳ ಭಾಗವನ್ನು ಬಿಟ್ಟು ಲೆಕ್ಕ ಹಾಕಿದರೂ 150ರಲ್ಲಿ 50 ಅಂಕಗಳು, ಅಂದರೆ ಮೂರನೇ ಒಂದು ಭಾಗ, ಮಗು ಮತ್ತು ಮಗುವಿನ ಕಲಿಕೆಗೆ ಸಂಬಂಧಿಸಿದವು. ನಮ್ಮ ಹಳೆಯ ಪರೀಕ್ಷೆಗಳಿಗೆ ಹೋಲಿಸಿದರೆ ಇದು ದೊಡ್ಡ ಬದಲಾವಣೆಯೇ. ನಿನಗೆ ಲೆಕ್ಕ ಬರುತ್ತದೆಯೇ ಎಂದು ಕೇಳುತ್ತಿದ್ದ ಸರ್ಕಾರ, ಲೆಕ್ಕ ಬಾರದ ಮಗುವಿನ ಮನಸ್ಸು ನಿನಗೆ ತಿಳಿಯುತ್ತದೆಯೇ ಎಂದು ಕೇಳಲು ಶುರುಮಾಡಿತು. ಈ ಬದಲಾವಣೆಯ ಹಿಂದೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಚಿಂತನೆ ಇದೆ. ಗಣಿತವೆಂದರೆ ಸೂತ್ರಗಳ ಪಟ್ಟಿಯಲ್ಲ, ಮಗುವಿನ ಯೋಚನಾಕ್ರಮವನ್ನು ಗಣಿತೀಯಗೊಳಿಸುವುದು ಎಂದು ಅದು ಹೇಳಿತ್ತು.

ಪ್ರಶ್ನೆ ಇರುವುದು, ಆ ಆಶಯ ಗೈಡು ಪುಸ್ತಕದೊಳಕ್ಕೆ ಹೊಕ್ಕಾಗ ಏನಾಯಿತು ಎಂಬುದರಲ್ಲಿ.

ಗೈಡು ಒಂದು ಸಾಹಿತ್ಯ ಪ್ರಕಾರವೆಂದು ಒಪ್ಪಿಕೊಂಡರೆ ಅದರ ಲಕ್ಷಣಗಳು ಬೇಗ ಕಾಣುತ್ತವೆ. ಅಲ್ಲಿ ವಾಕ್ಯಗಳು ಒಂದಕ್ಕೊಂದು ಸಂಬಂಧವಿಲ್ಲದೆ ಸಾಲಾಗಿ ನಿಂತಿರುತ್ತವೆ. ಪ್ರತಿ ವಾಕ್ಯವೂ ಒಂದು ಉತ್ತರ. ಪ್ರಶ್ನೆ ಹುಟ್ಟಿದ ಸಂದರ್ಭ ಇರುವುದಿಲ್ಲ. ಏಕೆ, ಹೇಗೆ ಎಂಬ ಮಾತುಗಳು ಅಪರೂಪ. ಯಾರು, ಯಾವಾಗ, ಎಷ್ಟು ಎಂಬವು ಹೇರಳ. ದಪ್ಪಕ್ಷರದಲ್ಲಿ ಹೆಸರುಗಳು ಬರುತ್ತವೆ: ಪಿಯಾಜೆ, ವೈಗೋಟ್ಸ್‌ಕಿ, ಕೋಹ್ಲ್‌ಬರ್ಗ್, ಬ್ಲೂಮ್. ಹೆಸರಿನ ಮುಂದೆ ಒಂದು ಇಸವಿ, ಒಂದು ಪಾರಿಭಾಷಿಕ ಪದ. ಅಷ್ಟಕ್ಕೆ ಆ ಮನುಷ್ಯನ ಕತೆ ಮುಗಿಯಿತು. ನೆನಪಿಡಲು ಅಕ್ಷರ ಜೋಡಿಸಿದ ಸೂತ್ರಗಳಿರುತ್ತವೆ. ಕತೆ ಬರೆಯುವವನಾಗಿ ನನ್ನನ್ನು ಕಾಡುವುದು ಇಲ್ಲಿಯ ಮುಖ್ಯ ಪಾತ್ರ. ಈ ಪುಸ್ತಕದ ನಾಯಕ ಮಗು. ಆದರೆ ಆ ಮಗುವಿಗೆ ಹೆಸರಿಲ್ಲ, ಮನೆಯಿಲ್ಲ, ಮನೆಮಾತಿಲ್ಲ. ಅದು ಬೆಳಿಗ್ಗೆ ತಿಂಡಿ ತಿಂದು ಬಂದಿದೆಯೋ ಇಲ್ಲವೋ ತಿಳಿಯದು. ಅದಕ್ಕೆ ವಯಸ್ಸು ಮಾತ್ರ ಇದೆ. ಎರಡರಿಂದ ಏಳು, ಏಳರಿಂದ ಹನ್ನೊಂದು. ರೈಲು ನಿಲ್ದಾಣಗಳಂತೆ ಅದು ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಸಮಯಕ್ಕೆ ಸರಿಯಾಗಿ ತಲುಪುತ್ತದೆ.

ಇಲ್ಲೊಂದು ದೊಡ್ಡ ವೈರುಧ್ಯವಿದೆ. ಪಿಯಾಜೆ ದೊಡ್ಡವನಾದದ್ದು ಮಕ್ಕಳ ಜೊತೆ ಕುಳಿತು ಮಾತಾಡಿದ್ದರಿಂದ. ಮಕ್ಕಳ ಸರಿ ಉತ್ತರಗಳಿಗಿಂತ ತಪ್ಪು ಉತ್ತರಗಳೇ ಅವನಿಗೆ ರುಚಿಸಿದವು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮ ನೀರು ತುಂಬಿ, ಒಂದರ ನೀರನ್ನು ಉದ್ದನೆಯ ಸಣ್ಣ ಪಾತ್ರೆಗೆ ಸುರಿದು, ಈಗ ಯಾವುದರಲ್ಲಿ ಹೆಚ್ಚು ನೀರಿದೆ ಎಂದು ಕೇಳುವ ಪ್ರಯೋಗ ಎಲ್ಲ ಗೈಡಿನಲ್ಲೂ ಉಂಟು. ಸಣ್ಣ ಮಗು ಉದ್ದನೆಯ ಪಾತ್ರೆಯನ್ನು ತೋರಿಸುತ್ತದೆ. ಇದನ್ನು ಓದುವ ತಾಯಿಯ ಅಡುಗೆಮನೆಯಲ್ಲಿ ಲೋಟವಿದೆ, ನೀರಿದೆ, ಸೆರಗು ಹಿಡಿದು ನಿಂತ ಐದು ವರ್ಷದ ಮಗುವೂ ಇದೆ. ಆದರೆ ಆಕೆ ಮಗುವನ್ನು ಆಚೆ ಕಳಿಸಿ, ಬಾಗಿಲು ಹಾಕಿಕೊಂಡು, 'ಮೂರ್ತ ಕ್ರಿಯೆಗಳ ಹಂತ' ಎಂದು ನಾಲ್ಕು ಸಲ ಬರೆದು ಬಾಯಿಪಾಠ ಮಾಡುತ್ತಾಳೆ. ದೋಷ ಆಕೆಯದಲ್ಲ. ಪುಸ್ತಕ ಆಕೆಗೆ ಹಾಗೆ ಓದಲು ಕಲಿಸಿದೆ. ಮಗುವನ್ನು ಕುರಿತ ಪಾಠ ಓದಲು ಮಗುವೇ ಅಡ್ಡಿಯಾಗುವಂತೆ ಮಾಡಿರುವುದು ಈ ಪ್ರಕಾರದ ದೊಡ್ಡ ಸೋಲು.

ಪರೀಕ್ಷೆಯನ್ನು ಪೂರ್ತಿ ಬಯ್ಯುವುದು ನ್ಯಾಯವಲ್ಲ. ಇಂತಹ ಪತ್ರಿಕೆಗಳಲ್ಲಿ ಆಗಾಗ ಒಳ್ಳೆಯ ಜಾತಿಯ ಪ್ರಶ್ನೆಯೊಂದು ಕಾಣಿಸುತ್ತದೆ. ವಿದ್ಯಾರ್ಥಿಯೊಬ್ಬ ಅರ್ಧ ಮತ್ತು ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದಿದ್ದಾನೆ. ಶಿಕ್ಷಕರಾಗಿ ನೀವೇನು ಮಾಡುವಿರಿ ಎಂಬಂಥದ್ದು. ಇದು ನಿಜವಾದ ಪ್ರಶ್ನೆ. ದೇಶದ ಯಾವ ಶಾಲೆಗೆ ಹೋದರೂ ಈ ತಪ್ಪು ಮಾಡುವ ಮಗು ಸಿಗುತ್ತದೆ. ಗೈಡು ಇದಕ್ಕೆ ಕೊಡುವ ಪಾಠವೆಂದರೆ ಛೇದಗಳನ್ನು ಸಮ ಮಾಡಿಕೊಳ್ಳಿ, ಲ.ಸಾ.ಅ. ಕಂಡುಹಿಡಿಯಿರಿ, ಉತ್ತರ ಆರನೇ ಐದು. ಉತ್ತರ ಸರಿ. ಮಗು ಮಾತ್ರ ಇದ್ದಲ್ಲೇ ಇದೆ.

ಆ ಮಗು ಯಾಕೆ ಹಾಗೆ ಬರೆಯಿತು? ಒಂದು ಕ್ಷಣ ಯೋಚಿಸಿದರೆ ಅದರ ತರ್ಕ ಕಾಣುತ್ತದೆ. ಗಲ್ಲಿಯ ಕ್ರಿಕೆಟ್ ತಂಡವೊಂದು ನಿನ್ನೆ ಎರಡು ಪಂದ್ಯ ಆಡಿ ಒಂದು ಗೆದ್ದಿತು. ಇಂದು ಮೂರು ಆಡಿ ಒಂದು ಗೆದ್ದಿತು. ಒಟ್ಟು ಐದು ಆಡಿ ಎರಡು ಗೆದ್ದಂತಾಯಿತಲ್ಲ! ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದರೆ ಅಲ್ಲಿ ಸರಿಯಾಗುತ್ತದೆ. ಮಗು ದಡ್ಡನಲ್ಲ, ಒಂದು ಕಡೆ ಸಲ್ಲುವ ನಿಯಮವನ್ನು ಸಲ್ಲದ ಕಡೆ ತಂದಿದ್ದಾನೆ. ಅವನಿಗೆ ಬೇಕಾದದ್ದು ಲ.ಸಾ.ಅ. ಅಲ್ಲ, ಒಂದು ಸಣ್ಣ ಮಾತು: 'ಅರ್ಧ ರೊಟ್ಟಿಗೆ ಇನ್ನೊಂದು ಚೂರು ಸೇರಿಸಿದರೆ ಹೆಚ್ಚಾಗಬೇಕೋ ಕಡಿಮೆಯಾಗಬೇಕೋ? ನಿನ್ನ ಉತ್ತರ ಅರ್ಧಕ್ಕಿಂತ ಕಡಿಮೆಯಿದೆ ನೋಡು.' ಈ ಮಾತು ಹೇಳಬಲ್ಲವರು ಗಣಿತದ ಶಿಕ್ಷಕರು. ಈ ಯೋಚನೆಗೆ ಪರೀಕ್ಷೆ ಕೊಡುವ ಸಮಯ ಒಂದು ನಿಮಿಷ. ಗೈಡು ಅಷ್ಟನ್ನೂ ಕೊಡುವುದಿಲ್ಲ.

ಈ ಜಾಗದಲ್ಲಿ ಭಾಷೆಯ ಮಾತು ಬರುತ್ತದೆ. ಉರ್ದು ಮತ್ತು ಕನ್ನಡ ಎರಡರಲ್ಲೂ ಪಾಠ ಕಲಿತವರಿಗೆ ಸುಲಭವಾಗಿ ಕಾಣುವ ಒಂದು ಸಂಗತಿ ಈ ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಕನ್ನಡದಲ್ಲಿ ಭಿನ್ನರಾಶಿಯ ಮೇಲಿನದು ಅಂಶ, ಕೆಳಗಿನದು ಛೇದ. ಒಂದು ಪಾಲು, ಇನ್ನೊಂದು ಕತ್ತರಿಸುವಿಕೆ. ಇಲ್ಲಿ ಕಣ್ಣಿಗೆ ಕಟ್ಟುವುದು ರೊಟ್ಟಿ ಮುರಿಯುವ ಚಿತ್ರ. ಉರ್ದುವಿನಲ್ಲಿ ಮೇಲಿನದು 'ಶುಮಾರ್ ಕುನಿಂದಾ', ಅಂದರೆ ಎಣಿಸುವುದು. ಕೆಳಗಿನದು 'ನಸಬ್‌ನುಮಾ', ಅಂದರೆ ವಂಶವನ್ನು ತೋರಿಸುವುದು. ಎಂಥ ಅರ್ಥಪೂರ್ಣ ಪದ! ಮೂರನೇ ಒಂದು ಎಂಬುದರಲ್ಲಿ ಮೂರು ಎಂಬುದು ಎಣಿಕೆಯಲ್ಲ, ಅದು ಆ ಚೂರು ಯಾವ ಮನೆತನಕ್ಕೆ ಸೇರಿದ್ದು ಎಂದು ಹೇಳುವ ಹೆಸರು. ಬೇರೆ ಬೇರೆ ಮನೆತನದ ಚೂರುಗಳನ್ನು ಹಾಗೆಯೇ ಎಣಿಸಲು ಬರುವುದಿಲ್ಲ. ಮೊದಲು ಎರಡನ್ನೂ ಒಂದು ಮನೆತನಕ್ಕೆ ತರಬೇಕು. ಅರ್ಧವು ಆರನೇ ಮೂರಾಗಬೇಕು, ಮೂರನೇ ಒಂದು ಆರನೇ ಎರಡಾಗಬೇಕು. ಆಗ ಎಣಿಸಿದರೆ ಐದು. ಛೇದ ಸಮ ಮಾಡುವುದು ಏಕೆಂಬ ಪ್ರಶ್ನೆಗೆ ಉತ್ತರ ಆ ಒಂದು ಪದದಲ್ಲೇ ಇದೆ. ಕನ್ನಡದ ಪದ ಭಿನ್ನರಾಶಿ ಹೇಗೆ ಹುಟ್ಟಿತೆಂದು ಹೇಳಿದರೆ, ಉರ್ದುವಿನ ಪದ ಅದು ಹೇಗೆ ಕೂಡುತ್ತದೆಂದು ಹೇಳುತ್ತದೆ. ಎರಡೂ ತಿಳಿದ ಶಿಕ್ಷಕಿಯ ಕೈಯಲ್ಲಿ ಎರಡು ದೀಪಗಳಿದ್ದಂತೆ. ಆದರೆ ಗೈಡಿನ ಪಾಲಿಗೆ ಇದು ಬರೀ ಪದಕೋಶ. ಎಷ್ಟೋ ಉರ್ದು ಶಾಲೆಗಳಲ್ಲಿಯೂ ನಸಬ್‌ನುಮಾ ಎಂಬುದನ್ನು ಅರ್ಥ ಬಿಡಿಸದೆ ಬಾಯಿಪಾಠ ಮಾಡಿಸುತ್ತಾರೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಕನ್ನಡದ ಮಗುವಿಗೆ ಐವತ್ತೈದು ಎಂದರೆ ಐವತ್ತು ಮತ್ತು ಐದು. ಹತ್ತರ ಸ್ಥಾನ, ಬಿಡಿ ಸ್ಥಾನ ಎರಡೂ ಕಿವಿಗೇ ಕೇಳಿಸುತ್ತವೆ. ದಖನಿ ಮಾತಾಡುವ ಮಗುವಿಗೆ ಅದು 'ಪಚ್‌ಪನ್'. ಅದರಲ್ಲಿ ಪಚಾಸ್ ಎಲ್ಲಿ, ಪಾಂಚ್ ಎಲ್ಲಿ ಎಂದು ಹುಡುಕಬೇಕು. ಐವತ್ತೊಂಬತ್ತು ಅದಕ್ಕೆ 'ಉನ್‌ಸಠ್', ಅಂದರೆ ಅರವತ್ತಕ್ಕೆ ಒಂದು ಕಡಿಮೆ. ಬರೆಯುವಾಗ ಐದು ಬರುತ್ತದೆ, ಹೇಳುವಾಗ ಅರವತ್ತು ಕೇಳಿಸುತ್ತದೆ. ನೂರರವರೆಗಿನ ಹೆಸರುಗಳನ್ನು ಈ ಮಗು ಹೆಚ್ಚುಕಡಿಮೆ ಒಂದೊಂದಾಗಿ ಕಲಿಯಬೇಕು. ಮೇಲಾಗಿ ಉರ್ದು ಅಕ್ಷರ ಬಲದಿಂದ ಎಡಕ್ಕೆ ಹೋಗುತ್ತದೆ, ಅಂಕಿ ಎಡದಿಂದ ಬಲಕ್ಕೆ. ಒಂದೇ ಸಾಲಿನಲ್ಲಿ ಮಗುವಿನ ಕಣ್ಣು ಎರಡು ದಿಕ್ಕಿಗೆ ನಡೆಯಬೇಕು. ಆದರೆ ಅದೇ ಮಗುವಿಗೆ ಇನ್ನೊಂದು ಸಂಪತ್ತು ಮನೆಯಿಂದಲೇ ಬಂದಿದೆ. ಒಂದೂಕಾಲಿಗೆ 'ಸವಾ', ಒಂದೂವರೆಗೆ 'ಡೇಢ್', ಎರಡೂವರೆಗೆ 'ಢಾಯಿ' ಎಂಬ ಒಂಟಿ ಪದಗಳು ಅದರ ನಾಲಗೆಯ ಮೇಲಿವೆ. ಅಂಗಡಿಗೆ ಹೋಗಿ ಸವಾ ಕಿಲೋ ಸಕ್ಕರೆ ತಂದ ಮಗುವಿಗೆ ಭಿನ್ನರಾಶಿ ಹೊಸದಲ್ಲ. ಕನ್ನಡದ ಮಗುವಿಗೂ ಪಾವು, ಅರೆಪಾವು ಅಜ್ಜಿಯ ಬಾಯಿಂದ ಬಂದಿವೆ. ಪಾವು ಎಂದರೆ ಸೇರಿನ ಕಾಲು ಭಾಗ. ಕಾಲುಮಗ್ಗಿ, ಅರೆಮಗ್ಗಿ ಎಂದು ಒಂದು ಕಾಲದಲ್ಲಿ ಭಿನ್ನರಾಶಿಯ ಮಗ್ಗಿಯನ್ನೇ ಮಕ್ಕಳು ಒಪ್ಪಿಸುತ್ತಿದ್ದರು.

ಗಣಿತ ಕಲಿಸುವವರು ತಿಳಿದಿರಬೇಕಾದ ಸಂಗತಿ ಇವು. ಯಾವ ಮಗು ಎಲ್ಲಿ ಎಡವುತ್ತದೆ, ಯಾವ ಮಗು ಏನನ್ನು ಮನೆಯಿಂದ ತಂದಿದೆ ಎಂಬುದು. ಮಗುವಿನ ಮನೆಮಾತು ಕಲಿಕೆಗೆ ಸಂಪನ್ಮೂಲ ಎಂಬ ವಾಕ್ಯ ಗೈಡಿನಲ್ಲಿ ದಪ್ಪಕ್ಷರದಲ್ಲಿಯೇ ಇರುತ್ತದೆ. ನಾಲ್ಕು ಆಯ್ಕೆಗಳಲ್ಲಿ ಅದನ್ನು ಗುರುತಿಸಿದವರಿಗೆ ಒಂದು ಅಂಕವೂ ಸಿಗುತ್ತದೆ. ಆದರೆ ಆ ವಾಕ್ಯಕ್ಕೆ ಒಂದು ಉದಾಹರಣೆ ಕೊಡಿ ಎಂದು ಯಾರೂ ಕೇಳುವುದಿಲ್ಲ.

ವಿಜ್ಞಾನದ ಭಾಗದ ಸ್ಥಿತಿ ಇನ್ನೂ ಬಡವಾದುದು. ಅಲ್ಲಿ ಅಡುಗೆ ಸೋಡದ ರಾಸಾಯನಿಕ ಹೆಸರು, ಯಾವ ವಿಟಮಿನ್ ಕೊರತೆಯಿಂದ ಯಾವ ರೋಗ, ಯಾವ ಮಾಪಕದಿಂದ ಏನನ್ನು ಅಳೆಯುತ್ತಾರೆ ಎಂಬ ಪಟ್ಟಿಗಳೇ ಹೆಚ್ಚು. ಶಾಖದ ವರ್ಗಾವಣೆ ಮೂರು ವಿಧ: ವಹನ, ಸಂವಹನ, ವಿಕಿರಣ. ಇದನ್ನು ಓದುವವರು ಇರುವ ಊರು ಯಾವುದು? ಮಂಡಕ್ಕಿಯ ಊರು. ಭಾಷಾ ನಗರ, ಆಜಾದ್ ನಗರದ ಕಡೆಯ ಎಷ್ಟೋ ಮುಸ್ಲಿಂ ಕುಟುಂಬಗಳಿಗೆ ಮಂಡಕ್ಕಿ ಭಟ್ಟಿ ಅನ್ನ ಕೊಟ್ಟಿದೆ. ನೆಲ್ಲು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಚ್ಚಿ, ಕಾದ ಮರಳಿನಲ್ಲಿ ಹುರಿದರೆ ಕ್ಷಣದಲ್ಲಿ ಕಾಳು ಅರಳುತ್ತದೆ. ಯಾಕೆ ಅರಳುತ್ತದೆ? ಒಳಗಿನ ತೇವ ಆವಿಯಾಗಿ ಹಿಗ್ಗುತ್ತದೆ. ಬರೀ ಕಾವಲಿಯ ಮೇಲೆ ಹುರಿಯದೆ ಮರಳು ಯಾಕೆ ಬೇಕು? ಮರಳು ಕಾಳನ್ನು ಸುತ್ತಲಿಂದ ಮುಟ್ಟಿ ಎಲ್ಲ ಕಡೆಯಿಂದ ಒಮ್ಮೆಗೇ ಶಾಖ ಕೊಡುತ್ತದೆ. ಬೇಯಿಸದ ಅಕ್ಕಿಯನ್ನೇ ಹುರಿದರೆ ಹೀಗೆ ಅರಳುತ್ತದೆಯೇ? ಭಟ್ಟಿಯ ಮುಂದೆ ಬೆವರುವ ಮನುಷ್ಯನಿಗೆ ದೂರದಿಂದಲೇ ಬಿಸಿ ತಟ್ಟುವುದು ಹೇಗೆ? ಆ ಹೊಗೆ ಎದೆಗೆ ಏನು ಮಾಡುತ್ತದೆ? ಶಾಖದ ಪಾಠ, ದ್ರವ್ಯದ ಸ್ಥಿತಿಯ ಪಾಠ, ಆರೋಗ್ಯದ ಪಾಠ ಮೂರೂ ಒಂದು ಭಟ್ಟಿಯಲ್ಲಿವೆ. ಆ ಭಟ್ಟಿಯ ಕೂಗಳತೆಯಲ್ಲಿ ಬೆಳೆದ ಹುಡುಗಿ ಟಿಇಟಿಗೆ ಓದುವಾಗ ವಹನಕ್ಕೆ ಉದಾಹರಣೆ ಲೋಹದ ಚಮಚ ಎಂದು ಬರೆದುಕೊಳ್ಳುತ್ತಾಳೆ.

ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರವಿದೆ, ತುಂಗಭದ್ರೆ ಇದೆ. 1980ರ ದಶಕದಲ್ಲಿ ಕಾರ್ಖಾನೆಯ ತ್ಯಾಜ್ಯದಿಂದ ಈ ನದಿ ಕೆಡುತ್ತಿದೆಯೆಂದು ಎಸ್. ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಹೋರಾಟ ಮಾಡಿತ್ತು. ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಾದರೆ ಮೀನು ಏಕೆ ಸಾಯುತ್ತದೆ ಎಂಬುದು ಈ ನದಿಯ ದಡದಲ್ಲಿ ಬರೀ ಎಂಟನೇ ತರಗತಿಯ ಪಾಠವಲ್ಲ, ಮೀನುಗಾರರ ಮನೆಯ ಕತೆ. ಒಂದು ಕಾಲಕ್ಕೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳನ್ನು ತಯಾರಿಸಿದ ಕಾರ್ಮಿಕರು ಇದೇ ಊರಿನವರು. ವ್ಯಾಸ, ತ್ರಿಜ್ಯ, ಮಿಲಿಮೀಟರಿನ ನೂರನೇ ಒಂದು ಭಾಗ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ಅಂಥವರ ಮೊಮ್ಮಕ್ಕಳಿಗೆ ದಶಮಾಂಶ ಕಲಿಸಲು ಹೋಗುವ ಶಿಕ್ಷಕಿಯ ಪುಸ್ತಕದಲ್ಲಿ ಹರಿಹರವೂ ಇಲ್ಲ, ದಾವಣಗೆರೆಯೂ ಇಲ್ಲ. ಸ್ಥಳೀಯ ಪರಿಸರದಿಂದ ಕಲಿಸಿ ಎಂಬ ಸೂಚನೆ ಮಾತ್ರ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದಂತಹ ಪತ್ರಿಕೆ, ಜೆ. ಆರ್. ಲಕ್ಷ್ಮಣರಾವ್ ಅವರಂತಹ ಲೇಖಕರು ಕನ್ನಡದಲ್ಲಿ ವಿಜ್ಞಾನವನ್ನು ವಿವರಿಸಿ ಹೇಳುವ ಗದ್ಯವನ್ನೇ ಕಟ್ಟಿಕೊಟ್ಟಿದ್ದರು. ಆ ಗದ್ಯದ ನೆರಳೂ ಗೈಡಿನ ಮೇಲೆ ಬಿದ್ದಿಲ್ಲ.

ಇದಕ್ಕೊಂದು ಉತ್ತರ ಸಿದ್ಧವಾಗಿದೆ. 'ಸಾಹೇಬರೇ, ನಮಗೆ ಬೇಕಾದದ್ದು 90 ಅಂಕ. ಕೆಲಸ ಸಿಕ್ಕಲಿ, ಆಮೇಲೆ ಮಗು, ಮಂಡಕ್ಕಿ ಎಲ್ಲ ನೋಡೋಣ.' ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಬೆಳಿಗ್ಗೆ ಗಂಡ-ಮಕ್ಕಳನ್ನು ಕಳಿಸಿ, ಖಾಸಗಿ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿದು, ರಾತ್ರಿ ಪಾತ್ರೆ ತೊಳೆದಾದ ಮೇಲೆ ಓದಲು ಕೂರುವವಳಿಗೆ ಬೋಧನಾಶಾಸ್ತ್ರದ ಉಪದೇಶ ಮಾಡುವುದು ಸುಲಭ. ಸರ್ಕಾರಿ ಶಿಕ್ಷಕಿಯ ಹುದ್ದೆ ನಮ್ಮ ಹೆಣ್ಣುಮಕ್ಕಳಿಗೆ ಮನೆಯವರು ಎದುರು ಮಾತಿಲ್ಲದೆ ಒಪ್ಪುವ ಕೆಲವೇ ದಾರಿಗಳಲ್ಲಿ ಒಂದು. ಆ ದಾರಿಯೂ ಸರಳವಾಗಿಲ್ಲ. 2022ರ ಮೇ ತಿಂಗಳಲ್ಲಿ ರಾಜ್ಯದಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಷ್ಟು ಹುದ್ದೆ ತುಂಬುವಷ್ಟು ಅರ್ಹರೇ ಸಿಗದೆ ಪಟ್ಟಿ 13 ಸಾವಿರ ಚಿಲ್ಲರೆಗೆ ನಿಂತಿತು. ಮದುವೆಯಾದ ಅಭ್ಯರ್ಥಿ ಕೊಡಬೇಕಾದ ಜಾತಿ-ಆದಾಯ ಪ್ರಮಾಣಪತ್ರ ತಂದೆಯದೋ ಗಂಡನದೋ ಎಂಬ ವಿವಾದ ಹೈಕೋರ್ಟಿನ ಮೆಟ್ಟಿಲೇರಿ, ನೇಮಕಾತಿ 2023ರವರೆಗೆ ತೂಗಾಡಿತು. ಲೆಕ್ಕದ ಪರೀಕ್ಷೆ ಪಾಸಾದ ಹೆಣ್ಣು, ತಾನು ಯಾರ ಮನೆಯ ಲೆಕ್ಕಕ್ಕೆ ಸೇರಿದವಳು ಎಂಬ ಪ್ರಶ್ನೆಗೆ ಸಿಕ್ಕಿಬಿದ್ದಳು.

ಆದರೆ 90 ಅಂಕದ ವಾದವನ್ನು ಅದರದೇ ಗಣಿತದಿಂದ ನೋಡೋಣ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ. ಕಣ್ಣುಮುಚ್ಚಿ ಗುರುತು ಹಾಕಿದರೂ ನಾಲ್ಕಕ್ಕೊಂದು ಸರಿಯಾಗುವ ಸಂಭವವಿದೆ. ಒಬ್ಬರಿಗೆ 70 ಪ್ರಶ್ನೆ ಚೆನ್ನಾಗಿ ಗೊತ್ತಿದ್ದು, ಉಳಿದ 80ಕ್ಕೆ ಸುಮ್ಮನೆ ಗುರುತು ಹಾಕಿದರೆ ಸರಾಸರಿ 20 ಸರಿಯಾಗಿ 90 ಆಗುತ್ತದೆ. ಅಂದರೆ ಅರ್ಧಕ್ಕಿಂತ ಕಡಿಮೆ ತಿಳಿದವರೂ ಅದೃಷ್ಟವಿದ್ದರೆ ಗೆರೆ ದಾಟಬಹುದು. ಹೀಗಿದ್ದೂ ಟಿಇಟಿಗಳ ಫಲಿತಾಂಶ ನಮ್ಮನ್ನು ನಾಚಿಸಿದೆ. 2012ರ ಕೊನೆಯಲ್ಲಿ ನಡೆದ ಸಿಟಿಇಟಿಯಲ್ಲಿ ಪಾಸಾದವರು ಶೇ. 1ಕ್ಕೂ ಕಡಿಮೆ. ಅದೇ ವರ್ಷ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗ ದೇಶದ ಶಿಕ್ಷಕರ ಶಿಕ್ಷಣ ಸಂಸ್ಥೆಗಳ ದುಸ್ಥಿತಿಯನ್ನು ಬಿಚ್ಚಿಟ್ಟಿತ್ತು. ಹಣ ಕಟ್ಟಿದರೆ ಹಾಜರಾತಿ ಕೊಡುವ ಬಿಇಡಿ ಕಾಲೇಜುಗಳಲ್ಲಿ ಕಲಿಯದೇ ಹೋದದ್ದನ್ನು ಗೈಡು ಮೂರು ತಿಂಗಳಲ್ಲಿ ತುಂಬಿಕೊಡುವುದಾಗಿ ಹೇಳುತ್ತದೆ. ಹೊಂಡ ಅಷ್ಟು ದೊಡ್ಡದಿರುವಾಗ ಬುಟ್ಟಿ ಮಣ್ಣು ಸಾಲದು. ಗೈಡನ್ನು ಮಾತ್ರ ದೂರಿ ಪ್ರಯೋಜನವಿಲ್ಲ ಎಂಬುದನ್ನೂ ಹೇಳಬೇಕು. ಅದು ರೋಗವಲ್ಲ, ರೋಗದ ಗುರುತು.

ಈಗ ಈ ಪುಸ್ತಕಕ್ಕೆ ಹೊಸ ಓದುಗರು ಬಂದಿದ್ದಾರೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಅಂಜುಮನ್ ಇಶಾಅತೆ ತಾಲೀಮ್ ಟ್ರಸ್ಟ್ ಪ್ರಕರಣದಲ್ಲಿ ಕೊಟ್ಟ ತೀರ್ಪು, ಶಿಕ್ಷಣ ಹಕ್ಕು ಕಾಯ್ದೆಗಿಂತ ಮೊದಲೇ ಸೇವೆಗೆ ಸೇರಿದ ಶಿಕ್ಷಕರನ್ನೂ ಟಿಇಟಿಗೆ ಒಳಪಡಿಸಿತು. ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರು 2 ವರ್ಷದೊಳಗೆ ಪಾಸಾಗಬೇಕು. ಇಲ್ಲವಾದರೆ ಸೇವೆ ಬಿಡಬೇಕು. 5 ವರ್ಷಕ್ಕಿಂತ ಕಡಿಮೆ ಉಳಿದವರು ಪರೀಕ್ಷೆಯಿಲ್ಲದೆ ಮುಂದುವರಿಯಬಹುದು, ಆದರೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಕಾಯ್ದೆ ಅನ್ವಯವಾಗದೆಂದು 2014ರ ಪ್ರಮತಿ ತೀರ್ಪು ಹೇಳಿತ್ತು. ಆ ಪ್ರಶ್ನೆಯನ್ನು ಈ ಪೀಠ ವಿಸ್ತೃತ ಪೀಠದ ಪರಿಶೀಲನೆಗೆ ಬಿಟ್ಟಿತು. ಇಲ್ಲಿ ನಮ್ಮಲ್ಲಿ ಅನೇಕರಿಗೆ ಒಂದು ತಪ್ಪು ತಿಳುವಳಿಕೆ ಇದೆ. ಸರ್ಕಾರಿ ಉರ್ದು ಶಾಲೆ ಅಲ್ಪಸಂಖ್ಯಾತ ಸಂಸ್ಥೆಯಲ್ಲ. ಅದು ಸರ್ಕಾರದ ಶಾಲೆ, ಮಾಧ್ಯಮ ಮಾತ್ರ ಉರ್ದು. ಅಲ್ಲಿಯ ಶಿಕ್ಷಕರಿಗೆ ಆ ರಿಯಾಯಿತಿಯ ನೆರಳು ಸಿಗುವುದಿಲ್ಲ.

ಅಂದರೆ ಇಪ್ಪತ್ತೈದು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಆಪಾ ಒಬ್ಬರು ಐವತ್ತರ ವಯಸ್ಸಿನಲ್ಲಿ ಮತ್ತೆ ವೃತ್ತ ತುಂಬುವ ಉತ್ತರ ಪತ್ರಿಕೆಯ ಮುಂದೆ ಕೂರಬೇಕು. ಅವರು ಸಾವಿರಾರು ಮಕ್ಕಳ ತಪ್ಪುಗಳನ್ನು ಕಣ್ಣಾರೆ ಕಂಡವರು. ಯಾವ ಮಗು ಉನ್‌ಸಠ್ ಎಂದಾಗ 69 ಬರೆಯುತ್ತದೆ ಎಂಬುದು ಅವರಿಗೆ ಗೊತ್ತು. ಆದರೆ ಆ ತಿಳಿವಿಗೆ ಪರೀಕ್ಷೆಯಲ್ಲಿ ಹೆಸರಿಲ್ಲ. ಪೇಟೆಯಲ್ಲಿ ಸಿಗುವ ಗೈಡುಗಳು ಹೆಚ್ಚಾಗಿ ಕನ್ನಡದಲ್ಲಿವೆ. ಉರ್ದುವಿನಲ್ಲಿ ಕಲಿತು ಉರ್ದುವಿನಲ್ಲಿ ಕಲಿಸಿದವರು ದ್ಯುತಿಸಂಶ್ಲೇಷಣೆ ಎಂಬುದು ತಮ್ಮ 'ಜಿಯಾಯಿ ತಾಲೀಫ್' ಎಂದು ಗುರುತಿಸುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಎರಡೂ ಪದಗಳ ಅರ್ಥ ಒಂದೇ, ಬೆಳಕಿನಿಂದ ಕೂಡಿಸಿ ಕಟ್ಟುವುದು. ಇದನ್ನು ತೋರಿಸಿಕೊಡುವ ಒಂದು ಪುಟ್ಟ ಪುಸ್ತಕವಿದ್ದರೆ ಎಷ್ಟು ಜನರಿಗೆ ಅನುಕೂಲ! ಮಕ್ಕಳಿಗೆ ಅರ್ಹ ಶಿಕ್ಷಕರು ಬೇಕೆಂಬ ನ್ಯಾಯಾಲಯದ ಕಾಳಜಿ ಸರಿಯಾದದ್ದೇ. ಬಡವರ ಮಕ್ಕಳಿಗೆ ಏನೂ ಬಾರದ ಶಿಕ್ಷಕರೂ ಸಾಕು ಎಂದು ವಾದಿಸುವುದು ನಮ್ಮ ಮಕ್ಕಳಿಗೇ ಮಾಡುವ ದ್ರೋಹ. ತಕರಾರು ಇರುವುದು ಅಳೆಯುವ ಕೋಲಿನ ಬಗ್ಗೆ.

ಇಲ್ಲಿ ನಮ್ಮ ಸಮುದಾಯದ ಸಭೆಗಳ ಮಾತನ್ನೂ ವಿಮರ್ಶೆಗೆ ಒಡ್ಡಬೇಕು. ಶೈಕ್ಷಣಿಕ ಜಾಗೃತಿಯ ಯಾವ ವೇದಿಕೆ ಹತ್ತಿದರೂ ಭಾಷಣಕಾರರು ಅಲ್ ಖ್ವಾರಿಜ್ಮಿಯಿಂದ ಶುರುಮಾಡುತ್ತಾರೆ. ಬೀಜಗಣಿತಕ್ಕೆ ಜಗತ್ತು ಇಟ್ಟ ಹೆಸರು ಅವನ ಪುಸ್ತಕದ ಅಲ್ ಜಬ್ರ್‌ನಿಂದ ಬಂದದ್ದು ನಿಜ. ಆದರೆ ಒಂಬತ್ತನೇ ಶತಮಾನದ ಬಗ್ದಾದಿನ ಹೆಮ್ಮೆ ಆರನೇ ತರಗತಿಯ ಮಗುವಿಗೆ ಭಿನ್ನರಾಶಿ ಕಲಿಸುವುದಿಲ್ಲ. ನೆನೆಯಬೇಕಾದವರು ಹತ್ತಿರದಲ್ಲೇ ಇದ್ದಾರೆ. ಹತ್ತೊಂಬತ್ತನೇ ಶತಮಾನದ ದೆಹಲಿ ಕಾಲೇಜಿನಲ್ಲಿ ಉರ್ದುವಿನ ಮೂಲಕ ವಿಜ್ಞಾನ ಕಲಿಸಿದ ಮಾಸ್ಟರ್ ರಾಮಚಂದ್ರರು 1850ರಲ್ಲಿ ಪ್ರಕಟಿಸಿದ ಗಣಿತದ ಪುಸ್ತಕವನ್ನು ಡಿ ಮಾರ್ಗನ್ ಎಂಬ ಗಣಿತಜ್ಞ 1859ರಲ್ಲಿ ಲಂಡನ್ನಿನಿಂದ ಮತ್ತೆ ಹೊರತಂದ. 1918ರಲ್ಲಿ ಶುರುವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ವಿಜ್ಞಾನವನ್ನೂ ಉರ್ದುವಿನಲ್ಲಿ ಕಲಿಸಿತು. ಅದಕ್ಕಾಗಿ ಒಂದು ಅನುವಾದ ಸಂಸ್ಥೆಯೇ ಇತ್ತು. ಉರ್ದುವಿಗೆ ಗಜಲ್ ಮಾತ್ರ ಒಗ್ಗುತ್ತದೆ ಎನ್ನುವವರಿಗೂ, ಉರ್ದು ಒಂದು ಧರ್ಮದ ಸ್ವತ್ತು ಎನ್ನುವವರಿಗೂ ಈ ಇತಿಹಾಸವೇ ಉತ್ತರ. ಆ ಪರಂಪರೆಯ ವಾರಸುದಾರರು ನಾವಾದರೆ ಮಾಡಬೇಕಾದದ್ದು ಭಾಷಣವಲ್ಲ, ಕೆಲಸ. ಕನ್ನಡ-ಉರ್ದು ಗಣಿತ ವಿಜ್ಞಾನ ಪದಗಳನ್ನು ಅರ್ಥ ಬಿಡಿಸಿ ಹೇಳುವ ಕೈಪಿಡಿಯೊಂದನ್ನು ಹತ್ತು ಮಂದಿ ಶಿಕ್ಷಕರು ಒಂದು ಬೇಸಿಗೆ ರಜೆಯಲ್ಲಿ ಬರೆಯಬಹುದು.

ಬೇರೆ ರೀತಿಯ ಪರೀಕ್ಷೆ ಸಾಧ್ಯವೇ ಇಲ್ಲವೆಂದು ಹೇಳುವವರಿಗೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮವನ್ನು ತೋರಿಸಬೇಕು. 1972ರಲ್ಲಿ ಕೆಲವೇ ಹಳ್ಳಿಶಾಲೆಗಳಲ್ಲಿ ಶುರುವಾದ ಅದು ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಪ್ರಯೋಗ ಮಾಡಿಯೇ ವಿಜ್ಞಾನ ಕಲಿಸಿತು. ಪರೀಕ್ಷೆಯಲ್ಲಿ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು. ಕೈಯಾರೆ ಪ್ರಯೋಗ ಮಾಡಿ ತೋರಿಸುವ ಭಾಗವೂ ಇತ್ತು. ನೆನಪನ್ನು ಅಳೆಯುವ ಅಗತ್ಯವೇ ಅಲ್ಲಿ ಇರಲಿಲ್ಲ. ಮೂವತ್ತು ವರ್ಷ ನಡೆದ ಅದನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಮಕ್ಕಳಿಗೆ ಸಾಧ್ಯವಾದದ್ದು ಶಿಕ್ಷಕರಾಗುವವರಿಗೆ ಏಕೆ ಸಾಧ್ಯವಿಲ್ಲ? ಕನಿಷ್ಠ ಒಂದು ಪ್ರಶ್ನೆಯನ್ನಾದರೂ ಅಭ್ಯರ್ಥಿ ತನ್ನ ಮಾತಿನಲ್ಲಿ ಬರೆಯುವಂತೆ ಇಡಬಹುದು. ಈ ಮಗುವಿನ ತಪ್ಪನ್ನು ನೋಡಿ, ಅದು ಹೀಗೇಕೆ ಯೋಚಿಸಿತು ಬರೆಯಿರಿ ಎಂದು. ಲಕ್ಷಾಂತರ ಉತ್ತರ ತಿದ್ದುವುದು ಕಷ್ಟವೆಂಬುದು ನಿಜ. ಆದರೆ ಕಷ್ಟವೆಂಬ ಕಾರಣಕ್ಕೆ ಮುಖ್ಯವಾದದ್ದನ್ನು ಕೇಳದೇ ಬಿಟ್ಟರೆ, ಕೇಳಿದ್ದೇ ಮುಖ್ಯವೆಂದು ಎಲ್ಲರೂ ನಂಬುತ್ತಾರೆ.

ಸರ್ಕಾರ ಬದಲಾಗುವವರೆಗೆ ಕಾಯಬೇಕಿಲ್ಲ. ಸರಸ್ವತಿ ನಗರದಲ್ಲೋ ಹರಿಹರದಲ್ಲೋ ನಾಲ್ಕೈದು ಮಂದಿ ಒಟ್ಟು ಕೂತು ಓದುವವರು ಗೈಡನ್ನು ಬಿಸಾಡುವುದೂ ಬೇಡ. ಆರರಿಂದ ಎಂಟರವರೆಗಿನ ಸರ್ಕಾರಿ ಪಠ್ಯಪುಸ್ತಕವನ್ನು ಮೊದಲು ಓದಿ, ಗೈಡನ್ನು ಆಮೇಲೆ ತೆರೆದರೆ ಸಾಕು. ಪಟ್ಟಿಯಲ್ಲಿರುವ ಎಷ್ಟೋ ಸಾಲುಗಳಿಗೆ ತಾಯಿಬೇರು ಸಿಗುತ್ತದೆ. ವಾರಕ್ಕೊಂದು ಸಂಜೆ ಓಣಿಯ ಮಕ್ಕಳನ್ನು ಕರೆದು ಒಂದು ಲೆಕ್ಕ ಕೊಟ್ಟು, ತಪ್ಪು ಮಾಡಿದ ಮಗುವನ್ನು ತಿದ್ದುವ ಮೊದಲು 'ಹೇಗೆ ಮಾಡಿದೆಯಪ್ಪಾ, ಹೇಳು' ಎಂದು ಕೇಳಿ, ಅದು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಬೇಕು. ಸೇವೆಯಲ್ಲಿರುವ ಹಿರಿಯ ಆಪಾಗಳು ತಾವು ಕಂಡ ತಪ್ಪುಗಳನ್ನು ಹೇಳಲಿ, ಹೊಸ ಹುಡುಗಿಯರು ಅವರಿಗೆ ಪರೀಕ್ಷೆಯ ತಂತ್ರ ಹೇಳಿಕೊಡಲಿ. ಬೋಧನಾಶಾಸ್ತ್ರದ 50 ಅಂಕಗಳಿಗೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಕಾಣುತ್ತಿಲ್ಲ. ಅರ್ಥವಾಗಿದ್ದು ಮರೆಯುವುದಿಲ್ಲವಾದ್ದರಿಂದ ಅಂಕವೂ ಬರುತ್ತದೆ.

ಹೀಗೆ ಬರೆದಿಟ್ಟ ಮಕ್ಕಳ ಮಾತುಗಳು ಒಂದು ವರ್ಷದಲ್ಲಿ ಒಂದು ನೋಟ್‌ಬುಕ್ ತುಂಬುತ್ತವೆ. ದಾವಣಗೆರೆಯ ಮಕ್ಕಳು, ಕನ್ನಡದ ಮತ್ತು ದಖನಿಯ ಮಕ್ಕಳು, ಲೆಕ್ಕದಲ್ಲಿ ಹೇಗೆ ಯೋಚಿಸುತ್ತಾರೆ ಎಂಬ ಪುಸ್ತಕ ಅದಾಗುತ್ತದೆ. ಅಂಥ ಪುಸ್ತಕ ಇಂದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗೈಡಿನ ಪುಟಗಳಲ್ಲಿ ಕಾಣೆಯಾದ ಮಗುವಿಗೆ ಅದರಲ್ಲಿ ಒಂದು ಹೆಸರು, ಒಂದು ಮನೆಮಾತು ಸಿಗುತ್ತದೆ. ಕೆಲಸ ಸಿಕ್ಕಿ ತರಗತಿಗೆ ಕಾಲಿಡುವ ದಿನ ಶಿಕ್ಷಕಿಯ ಚೀಲದಲ್ಲಿ ಇರಬೇಕಾದದ್ದು ಆ ನೋಟ್‌ಬುಕ್ಕು.